ಬಾತ್‌ರೂಮ್ ಬಾಗಿಲು ಎಷ್ಟು ಇಂಚು?

ಮನೆ ಕೊಳ್ಳುವಾಗ ನಾವೆಲ್ಲ ಏನು ನೋಡ್ತೀವಿ? ಸ್ಕೂಲ್ ಹೇಗಿದೆ, ಬಾಗಿಲು ಪೂರ್ವಕ್ಕಿದೆಯಾ, ಬೇಸ್‌ಮೆಂಟ್ ಎಷ್ಟು ದೊಡ್ಡದು. ಜಾನ್ಸ್ ಕ್ರೀಕ್‌ನಲ್ಲಿ ಮನೆ ತೊಗೊಂಡಾಗ ನಾವೂ ಅಷ್ಟೇ ನೋಡಿದ್ದು. ಗ್ಯಾರೇಜಿನಿಂದ ಒಳಗೆ ಬರಲು ಎರಡು ಮೆಟ್ಟಿಲಿವೆ, ಕೆಳಗಿನ ಬಾತ್‌ರೂಮ್ ಬಾಗಿಲು ಬರೀ 24 ಇಂಚು ಅನ್ನೋದು ಕಣ್ಣಿಗೇ ಬೀಳಲಿಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿ ವೀಲ್‌ಚೇರ್‌ನಲ್ಲಿ ಬಂದ ದಿನ ಗೊತ್ತಾಯಿತು. ಕುರ್ಚಿ ಬಾಗಿಲಲ್ಲೇ ನಿಂತುಬಿಟ್ಟಿತು. ಗಂಡ ಹೆಂಡತಿ ಇಬ್ಬರೂ ಸೇರಿ ಎತ್ತಿಕೊಂಡು ಹೋದೆವು. "ನಿಮಗ್ಯಾಕಪ್ಪ ಈ ಪಾಡು, ಊರಿಗೆ ಕಳಿಸಿಬಿಡಿ" ಅಂದರು. ಮಾರನೇ ದಿನದಿಂದ ನೀರು ಕುಡಿಯೋದನ್ನೇ ಕಡಿಮೆ ಮಾಡಿದರು.

ಈ ವಿಷಯದಲ್ಲಿ ನಮ್ಮ ಅಟ್ಲಾಂಟಾಕ್ಕೆ ದೊಡ್ಡ ಹೆಸರಿದೆ. ಪೋಲಿಯೋದಿಂದ ವೀಲ್‌ಚೇರ್ ಹಿಡಿದ ಎಲೀನರ್ ಸ್ಮಿತ್ 1987ರಲ್ಲಿ ಇಲ್ಲಿ 'ಕಾಂಕ್ರೀಟ್ ಚೇಂಜ್' ಎಂಬ ಸಂಸ್ಥೆ ಕಟ್ಟಿದರು. ಅವರು ಕೇಳಿದ್ದು ಮೂರೇ: ಮೆಟ್ಟಿಲಿಲ್ಲದ ಒಂದು ಪ್ರವೇಶ, 32 ಇಂಚು ತೆರವಿರುವ ಬಾಗಿಲುಗಳು, ಕೆಳಗಿನ ಮಹಡಿಯಲ್ಲಿ ಕುರ್ಚಿ ಹೋಗುವಂಥ ಬಾತ್‌ರೂಮ್. 1992ರಲ್ಲಿ ಅಟ್ಲಾಂಟಾ ನಗರ, ಸರ್ಕಾರಿ ನೆರವಿನಲ್ಲಿ ಕಟ್ಟುವ ಮನೆಗಳಿಗೆ ಇಂಥ ನಿಯಮ ತಂದಿತು. ಆದರೆ ನಾವು ನೀವು ಕೊಳ್ಳುವ ಖಾಸಗಿ ಒಂಟಿ ಮನೆಗಳಿಗೆ 1990ರ ಎಡಿಎ ಕಾನೂನು ಅನ್ವಯಿಸೋದಿಲ್ಲ. ನಾವೇ ನೋಡಿಕೊಳ್ಳಬೇಕು.

ನಾವು ಮಾಡಿಸಿದ್ದು ಇಷ್ಟು. ರ‍್ಯಾಂಪ್‌ಗೆ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಮ್ಮ ಎರಡು ಮೆಟ್ಟಿಲು 14 ಇಂಚು, ಹಾಗಾಗಿ ಗ್ಯಾರೇಜಿನೊಳಗೇ 14 ಅಡಿ ರ‍್ಯಾಂಪ್. ಒಂದು ಕಾರು ಹೊರಗೆ ನಿಂತಿತು, ನಿಲ್ಲಲಿ ಬಿಡಿ. ಬಾತ್‌ರೂಮಿಗೆ 36 ಇಂಚಿನ ಬಾಗಿಲು. ಕಮೋಡ್ ಪಕ್ಕ ಹಿಡಿಕಂಬಿ, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ. ಕಂಬಿಯನ್ನು ಬರೀ ಡ್ರೈವಾಲ್‌ಗೆ ಹಾಕಿಸಬೇಡಿ, ಭಾರ ಬಿದ್ದರೆ ಕಿತ್ತು ಬರುತ್ತೆ. ಗೋಡೆಯೊಳಗೆ ಮರದ ಆಧಾರ ಇರಲೇಬೇಕು. ಕಾಲಿಗೆ ತೊಡರುವ ಸಣ್ಣ ಮ್ಯಾಟ್‌ಗಳನ್ನೆಲ್ಲ ತೆಗೆದೆವು. ಅದಕ್ಕೆ ಖರ್ಚೇ ಇಲ್ಲ.

ಇನ್ನು ನಮ್ಮ ಕಸುಬಿನ ಮಾತು. ವೈದ್ಯಕೀಯ ಕಾರಣಕ್ಕೆ ಹಾಕಿಸಿದ ರ‍್ಯಾಂಪ್, ಅಗಲ ಮಾಡಿದ ಬಾಗಿಲು, ಹಿಡಿಕಂಬಿ ಇವನ್ನು ಐಆರ್‌ಎಸ್ ವೈದ್ಯಕೀಯ ಖರ್ಚು ಅಂತ ಒಪ್ಪುತ್ತೆ. ಐಟಮೈಸ್ ಮಾಡುವವರಿಗೆ ಮಾತ್ರ, ಅದೂ ಹೊಂದಾಣಿಕೆಯಾದ ಆದಾಯದ ಶೇ. 7.5 ಮೀರಿದ ಭಾಗಕ್ಕೆ. ಆದಾಯ ಒಂದು ಲಕ್ಷ ಡಾಲರ್ ಇದ್ದರೆ 7,500 ದಾಟಿದ ಮೇಲಿನದು. ಗ್ರೀನ್ ಕಾರ್ಡ್ ಇದ್ದು, ಅರ್ಧಕ್ಕಿಂತ ಹೆಚ್ಚು ಖರ್ಚು ನಾವೇ ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಮಾಡಿದ್ದೂ ಸೇರುತ್ತೆ. ವಿಸಿಟರ್ ವೀಸಾದಲ್ಲಿ ಬಂದು ಹೋಗುವವರಿಗೆ ಸಾಮಾನ್ಯವಾಗಿ ಸೇರಲ್ಲ. ರಸೀದಿ ಮತ್ತು ಡಾಕ್ಟರ ಪತ್ರ ಎರಡನ್ನೂ ಎತ್ತಿಡಿ.

ಈಗ ಅಮ್ಮ ಯಾರನ್ನೂ ಕರೆಯದೆ ಬಾತ್‌ರೂಮಿಗೆ ಹೋಗ್ತಾರೆ. ಊರಿನ ಮಾತು ನಿಂತಿದೆ. ಬೆಳಿಗ್ಗೆ ಎರಡನೇ ಲೋಟ ಕಾಫಿ ಕೇಳ್ತಾರೆ. ಈ ಶನಿವಾರ ಟೇಪ್ ತೊಗೊಂಡು ನಿಮ್ಮ ಕೆಳಗಿನ ಬಾತ್‌ರೂಮ್ ಬಾಗಿಲನ್ನೊಮ್ಮೆ ಅಳೆದು ನೋಡಿ. ನಮ್ಮ ಹಾಗೆ ಆಸ್ಪತ್ರೆಯಿಂದ ಬಂದ ದಿನ ಅಳೆಯುವಂತಾಗಬಾರದು.