ಡ್ಯಾಶ್ ಗೆರೆ ಇಡೀ ಗೆರೆಯಾಗಿ ಕಾಣ್ತಿದೆಯಾ?

ಚೆನ್ನೈ ಪ್ಯಾರೀಸ್ ಕಾರ್ನರ್‌ನ ಡೇರ್ ಹೌಸ್, 1940ರ ಕಟ್ಟಡ. ಅದರ ಪ್ಲ್ಯಾನನ್ನು ಆಟೋಕ್ಯಾಡ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೀತಿದ್ದೀರಿ ಅಂದ್ಕೊಳ್ಳಿ. ಮೇಲಿನ ಬೀಮ್‌ಗೆ ಡ್ಯಾಶ್ಡ್ ಗೆರೆ ಕೊಟ್ರಿ, ಸ್ಕ್ರೀನ್ ಮೇಲೆ ಬಂದಿದ್ದು ಇಡೀ ಗೆರೆ!

ಯಾಕೆ? ಮೆಟ್ರಿಕ್ ಡ್ಯಾಶ್ ಬರೀ 12.7 ಮಿ.ಮೀ., ನಡುವಿನ ಖಾಲಿ 6.35. ಹತ್ತು ಮೀಟರ್ ಬೀಮ್‌ನಲ್ಲಿ ಅದು ಕಣ್ಣಿಗೇ ಬೀಳಲ್ಲ.

ಅನೊಟೇಶನ್ ಸ್ಕೇಲ್ 1:1 ಇರಲಿ. ಎಲ್ಲ ಗೆರೆಗಳ ಡ್ಯಾಶ್ ಹಿಗ್ಗಿಸೋ ಎಲ್‌ಟಿಸ್ಕೇಲ್ ಕಮಾಂಡ್ ಟೈಪ್ ಮಾಡಿ, 50 ಕೊಡಿ. ಡ್ಯಾಶ್ ಈಗ 635 ಮಿ.ಮೀ.; 1:100 ಪ್ರಿಂಟಲ್ಲಿ 6.35.

ಒಂದೇ ಗೆರೆ ಸರಿಮಾಡಬೇಕಾ? ಕಂಟ್ರೋಲ್-1 ಒತ್ತಿ, ಪ್ರಾಪರ್ಟೀಸ್‌ನಲ್ಲಿ ಲೈನ್‌ಟೈಪ್ ಸ್ಕೇಲ್ ಬದಲಿಸಿ. ಈ ಸಂಖ್ಯೆ ಎಲ್‌ಟಿಸ್ಕೇಲ್ ಜೊತೆ ಗುಣಾಕಾರ ಆಗುತ್ತೆ.

ಲೇಔಟ್‌ನಿಂದ ಪ್ರಿಂಟ್ ತೆಗೀತೀರಾ? ಪಿಎಸ್‌ಎಲ್‌ಟಿಸ್ಕೇಲ್ ಸೆಟ್ಟಿಂಗ್ 1 ಇದ್ರೆ ಡ್ಯಾಶ್ ಕಾಗದದ ಅಳತೆಯಲ್ಲೇ ಬರುತ್ತೆ, ಹಾಗಾಗಿ ಎಲ್‌ಟಿಸ್ಕೇಲ್ 0.5 ಸಾಕು. ಆಮೇಲೆ ರೀಜೆನ್‌ಆಲ್ ಕೊಡಿ, ಪ್ರಿವ್ಯೂ ನೋಡಿಯೇ ಪ್ಲಾಟ್‌ಗೆ ಕಳಿಸಿ.