ಮನೆಯ ಬೆಲೆ ಲಕ್ಷಗಟ್ಟಲೆ, ಕೈಯಲ್ಲಿ ಕಾಸಿಲ್ಲ
ವೃದ್ಧಾಪ್ಯ ವೇತನಕ್ಕೆ ಆಸ್ತಿಯೇ ಅಳತೆಗೋಲೇ?

ಕ್ರೋಂಪೇಟೆ: 1912ರಲ್ಲಿ ಆರಂಭವಾದ ಕ್ರೋಮ್ ಲೆದರ್ ಕಂಪೆನಿಯಿಂದ ಹೆಸರು ಪಡೆದ ಈ ಬಡಾವಣೆಯಲ್ಲಿ ಹಿಂದೆ ಸಾಧಾರಣ ಸಂಬಳದವರೂ ಸೈಟು ಕೊಂಡು ಮನೆ ಕಟ್ಟಿಕೊಂಡರು. ಈಗ ಜಾಗದ ಬೆಲೆ ಗಗನಕ್ಕೇರಿದೆ. ಆದರೆ ಮನೆಯ ಬೆಲೆ ಏರಿದ ಮಾತ್ರಕ್ಕೆ ಅಕ್ಕಿ ಡಬ್ಬಿ ತುಂಬುವುದಿಲ್ಲ.

ಊರು ಬಿಟ್ಟು ಬಂದು ಹೋಟೆಲು, ಅಂಗಡಿಗಳಲ್ಲಿ ದುಡಿದ ಅನೇಕ ಕನ್ನಡಿಗರಿಗೆ ಪಿಂಚಣಿ ಇಲ್ಲ. ತಮಿಳುನಾಡಿನಲ್ಲಿ ವೃದ್ಧಾಪ್ಯ ವೇತನ 1962ರಿಂದಲೇ ಇದೆ. 2023ರಲ್ಲಿ ಅದನ್ನು ತಿಂಗಳಿಗೆ 1,000 ರೂ.ಗಳಿಂದ 1,200ಕ್ಕೆ ಏರಿಸಲಾಯಿತು. ಆದರೆ ಅದು ನಿರ್ಗತಿಕರಿಗೆ ಮಾತ್ರ. ಸ್ವಂತ ಸೂರಿರುವ ಬಡ ಮುದುಕರು ಆಸ್ತಿಯ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾರೆ.

ಕರ್ನಾಟಕದ್ದೂ ಇದೇ ಕತೆ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದವರಿಗೆ. ಅದರಲ್ಲಿ ಆದಾಯದ ಮಿತಿಯ ಜೊತೆಗೆ, ಗಂಡ ಹೆಂಡತಿಯ ಒಟ್ಟು ಠೇವಣಿ 10,000 ರೂ. ಮೀರಬಾರದೆಂಬ ಷರತ್ತನ್ನೂ ಹಾಕಲಾಯಿತು. ಶೇ. 7ರ ಬಡ್ಡಿಯಂತೆ ಈ ಹಣಕ್ಕೆ ವರ್ಷಕ್ಕೆ ಸಿಗುವುದು 700 ರೂ., ಅಂದರೆ ತಿಂಗಳಿಗೆ ಸುಮಾರು 58 ರೂ. ಆಸ್ಪತ್ರೆ ಖರ್ಚಿಗೆಂದು ನಾಲ್ಕು ಕಾಸು ಕೂಡಿಟ್ಟವರು ಅನರ್ಹರು, ಏನೂ ಉಳಿಸದವರು ಅರ್ಹರು!

ಸರ್ಕಾರಿ ನೌಕರರ ಪಿಂಚಣಿಗೆ ಇಂಥ ಪರೀಕ್ಷೆ ಇಲ್ಲ. ಅದು ದಾನವಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ನಾಲ್ಕು ಮನೆಗಳಿದ್ದರೂ ಅದು ಬಂದೇ ಬರುತ್ತದೆ.

ತೆರಿಗೆ ಹಣದಿಂದ ಕೊಡುವ ನೆರವು ಇಲ್ಲದವರಿಗೆ ಮೊದಲು ಸಿಗಬೇಕೆಂಬುದು ನ್ಯಾಯವೇ. ಆದರೆ ಅಳತೆ ಸರಿಯಿರಬೇಕು. ಆಸ್ಟ್ರೇಲಿಯಾದಲ್ಲೂ ವೃದ್ಧಾಪ್ಯ ಪಿಂಚಣಿಗೆ ಆಸ್ತಿ ನೋಡುತ್ತಾರೆ. ವಾಸದ ಸ್ವಂತ ಮನೆಯನ್ನು ಮಾತ್ರ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲೂ 2024ರ ಅಕ್ಟೋಬರಿನಿಂದ 70 ದಾಟಿದವರಿಗೆಲ್ಲ ಆದಾಯ ಕೇಳದೆ ಆಯುಷ್ಮಾನ್ ಕಾರ್ಡು ಕೊಡಲಾಗುತ್ತಿದೆ; ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಔಷಧಿಗೆ ಒಪ್ಪಿದ ಮಾತು ಊಟಕ್ಕೇಕೆ ಬೇಡ?

ಸಂಘದ ಸದಸ್ಯರು ತಮ್ಮ ಬೀದಿಯ ಒಂಟಿ ಹಿರಿಯರನ್ನು ಒಮ್ಮೆ ವಿಚಾರಿಸಲಿ. ಕಾರ್ಡು ಮಾಡಿಸಲು, ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಲು ಜೊತೆಗೆ ಹೋಗಲಿ. ಸ್ವಾಭಿಮಾನಿಗಳು ಮನೆಬಾಗಿಲಿಗೆ ಬಂದು ಕೇಳುವುದಿಲ್ಲ. ನಾವೇ ಹೋಗಿ ಕೇಳಬೇಕು.