ಸಾರಿನಪುಡಿಯೂ ಒಂದು ಸಂದರ್ಶನವೂ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯವನ್ನು ದಾಟಿ, ಸುಮನಹಳ್ಳಿಯ ಕೂಡುರಸ್ತೆಯನ್ನೂ ಹಿಂದೆ ಬಿಟ್ಟು ಪಶ್ಚಿಮಕ್ಕೆ ಸಾಗಿದರೆ ಸುಂಕದಕಟ್ಟೆ ಸಿಕ್ಕುತ್ತದೆ. ಹೆಸರಿನಲ್ಲಿಯೇ ಸುಂಕವಿದೆ. 12ನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನಷ್ಟೆ. ಸುಂಕ ವಸೂಲಿಯ ಕಾಯಕ ಅವನದು. ಅವನಿಗೂ ಈ ಊರಿಗೂ ನಂಟು ಕಲ್ಪಿಸುವ ಸಾಹಸ ನನ್ನದಲ್ಲ. ಹೆಸರು ಕಂಡರೆ ಕೆದಕುವುದು ಪಾಠ ಹೇಳುವವರ ಚಾಳಿ. ನಾನು ಹೇಳಹೊರಟಿರುವುದು ಇಲ್ಲಿಯ ಒಂದು ಅಡುಗೆಮನೆಯ ವಿಷಯ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. 19 ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತು, ಬೆನ್ನುನೋವು ತಾಳಲಾರದೆ ಕೆಲಸ ಬಿಟ್ಟು, ಈಗ ಸಾರಿನಪುಡಿ, ಚಟ್ನಿಪುಡಿ, ಹುರಿಹಿಟ್ಟು ಮಾಡಿ ಮಾರುತ್ತಿದ್ದಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಮಗ ಅಂತರಜಾಲದಲ್ಲಿ ಒಂದು ತಾಣ ಮಾಡಿಕೊಟ್ಟಿದ್ದಾನೆ. ಗಿರಾಕಿಗಳು ಫೋನಿನಲ್ಲಿಯೇ ಹಣ ಕಳುಹಿಸಿದರೆ ಮರುದಿನ ಪೊಟ್ಟಣ ಕೊರಿಯರಿಗೆ ಹೋಗುತ್ತದೆ. ಆದರೆ ಇಂತಹ ತಾಣಗಳಿಗೇನು ಬರವೆ? ಮುಖ ಕಾಣದವರ ಪುಡಿಯನ್ನು ರುಚಿ ನೋಡದೆ ಜನ ಏಕೆ ಕೊಳ್ಳಬೇಕು?

“ಮೇಷ್ಟ್ರೆ, ನೀವು ಅಮ್ಮನ್ನ ಮಾತಾಡಿಸಿ. ರೆಕಾರ್ಡ್ ಮಾಡಿ ತಾಣದಲ್ಲಿ ಹಾಕೋಣ” ಎಂದು ಮಗ ಒಂದು ಭಾನುವಾರ ಬಂದು ಕೇಳಿದ.

ಧ್ವನಿಯಿಂದ ವ್ಯಾಪಾರ ಬೆಳೆಸುವ ಉಪಾಯ ಹೊಸತೇನಲ್ಲ. ವಿವಿಧ ಭಾರತಿಯಲ್ಲಿ 1967ರ ನವೆಂಬರಿನಿಂದ ಜಾಹೀರಾತುಗಳು ಬರತೊಡಗಿದವು. ಆ ಕಾಲದ ಮೇಲೆ ಬಂದ ‘ಎಸ್. ಕುಮಾರ್ಸ್ ಕಾ ಫಿಲ್ಮಿ ಮುಕದ್ದಮಾ’ ಹಿರಿಯ ವಾಚಕರಿಗೆ ನೆನಪಿರಬಹುದು. 2024ರಲ್ಲಿ ತೀರಿಕೊಂಡ ಅಮೀನ್ ಸಯಾನಿಯವರು ಚಿತ್ರತಾರೆಗಳನ್ನು ಕಟಕಟೆಯಲ್ಲಿ ನಿಲ್ಲಿಸಿದವರಂತೆ ಪ್ರಶ್ನಿಸುತ್ತಿದ್ದರು; ಹೆಸರು ಮಾತ್ರ ಬಟ್ಟೆಯ ಕಂಪನಿಯದು. ಮನೆಯಿಂದಲೇ ಊರಿಗೆಲ್ಲ ಮಾತು ಮುಟ್ಟಿಸುವುದೂ ನಮಗೆ ಹೊಸತಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅವರೂ ನಮ್ಮ ಮೇಷ್ಟರ ಕುಲದವರೇ ಎಂಬುದು ನನಗೆ ಹೆಮ್ಮೆ.

‘ಪಾಡ್‌ಕಾಸ್ಟ್’ ಎಂಬ ಪದ 2004ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಈಗ ಬೆಂಗಳೂರಿನಲ್ಲಿಯೇ ನೋಡಿ: 2010ರಲ್ಲಿ ಹುಟ್ಟಿದ ಷೇರು ವ್ಯವಹಾರದ ಆನ್‌ಲೈನ್ ಸಂಸ್ಥೆ ಝೆರೋಧಾದ ಸಹಸ್ಥಾಪಕ ನಿಖಿಲ್ ಕಾಮತ್ ದೀರ್ಘ ಸಂದರ್ಶನಗಳನ್ನು ನಡೆಸುತ್ತಾರೆ, 2025ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಸಂದರ್ಶನವೂ ಹೊರಬಂದಿತು. ಕೇಳಿದವರ ಕಿವಿಯಲ್ಲಿ ಮಾತಿನ ಜೊತೆಗೆ ಮಾತನಾಡಿಸಿದವರ ಹೆಸರೂ ಉಳಿಯುತ್ತದೆ. ದೊಡ್ಡವರ ಈ ವಿದ್ಯೆ ಸಾರಿನಪುಡಿಗೂ ಒಗ್ಗೀತೆ?

ಮೊದಲ ದಿನ ನಾನು ಕೆಟ್ಟೆ. ಪ್ರಶ್ನೆಗಳನ್ನು ಮಾತ್ರವಲ್ಲ, ಉತ್ತರಗಳನ್ನೂ ಶುದ್ಧ ಗ್ರಾಂಥಿಕ ಭಾಷೆಯಲ್ಲಿ ಬರೆದುಕೊಂಡು ಹೋಗಿದ್ದೆ. “ನಮ್ಮ ಪದಾರ್ಥಗಳು ಪರಿಶುದ್ಧವೂ ರುಚಿಕರವೂ ಆಗಿವೆ” ಎಂದು ಆ ತಾಯಿ ಶಾಲೆಯ ಮಗುವಿನಂತೆ ಒಪ್ಪಿಸಿದರು. ಕೇಳಿದರೆ ನನಗೇ ನಗು ಬಂತು. ಸಾಲದ್ದಕ್ಕೆ ಮಾಗಡಿ ರಸ್ತೆಯ ಬಸ್ಸುಗಳ ಆರ್ಭಟ, ಫ್ಯಾನಿನ ಗೊರಗೊರ, ಪಕ್ಕದ ಮನೆಯ ಕುಕ್ಕರಿನ ಶಿಳ್ಳೆ.

ಎರಡನೆಯ ಸಲ ಒಳಗಿನ ಕೋಣೆಯಲ್ಲಿ ಕುಳಿತೆವು. ದನಿ ಗೋಡೆಗೆ ಬಡಿದು ಮರಳದಂತೆ ಕಂಬಳಿಗಳನ್ನು ಇಳಿಬಿಟ್ಟೆವು, ಫ್ಯಾನ್ ನಿಲ್ಲಿಸಿದೆವು, ಫೋನನ್ನು ಅವರ ಬಾಯಿಂದ ಒಂದು ಗೇಣು ದೂರದಲ್ಲಿರಿಸಿದೆವು. ನನ್ನ ಕಾಗದ ಜೇಬಿನಲ್ಲಿಯೇ ಉಳಿಯಿತು. “ಮೆಣಸಿನಕಾಯಿ ಯಾವುದು ಹಾಕ್ತೀರಮ್ಮ?” ಎಂದೆ, ಅಷ್ಟೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎಂಬಲ್ಲಿಂದ ಹೊರಟು ಮಾತು ಹೊಳೆಯಾಯಿತು. ಕೊತ್ತಂಬರಿ ಬೀಜ ಹದವಾಗಿ ಹುರಿದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದಂತೆ. “ಚಟಪಟ ಅನ್ನೋದು ಸಣ್ಣಗಾಗುತ್ತೆ ನೋಡಿ, ಆಗ ಇಳಿಸಬೇಕು” ಎಂದು ಬಾಣಲೆಯನ್ನೇ ಒಲೆಗಿಟ್ಟು ಆ ಸದ್ದನ್ನೂ ಕೇಳಿಸಿದರು. ಯಾವ ಬಣ್ಣದ ಚಿತ್ರ ಈ ಕೆಲಸ ಮಾಡೀತು?

ತೊಡಕು ಬಂದದ್ದು ಕೊನೆಯಲ್ಲಿ. ಹಿಂದಿನ ಮಳೆಗಾಲದಲ್ಲಿ ಮೆಣಸಿನಕಾಯಿ ಸರಿಯಾಗಿ ಒಣಗದೆ ಪುಡಿಗೆ ಬೂಷ್ಟು ಹಿಡಿದದ್ದು, 31 ಪೊಟ್ಟಣಗಳು ಹಾಗೆಯೇ ಹೋದದ್ದು, ಎಲ್ಲರಿಗೂ ಹಣ ಮರಳಿಸಿದ್ದು – ಇಷ್ಟನ್ನೂ ಆಕೆ ತಾವಾಗಿಯೇ ಹೇಳಿಬಿಟ್ಟರು. ಮಗ ಬೆಚ್ಚಿಬಿದ್ದ. “ಇದನ್ನ ಕತ್ತರಿಸಿ ಸಾರ್. ಜಾಹೀರಾತಿನಲ್ಲಿ ಬೂಷ್ಟಿನ ಮಾತು ಯಾರಾದ್ರೂ ಆಡ್ತಾರಾ?”

ಅವನ ಅಂಜಿಕೆ ಸುಳ್ಳಲ್ಲ. ಆ ಮನೆಯ ಬಾಡಿಗೆ ನಡೆಯುವುದು ಆ ಪುಡಿಯಿಂದಲೇ. ನನಗೂ ನಿರ್ಧಾರ ಸುಲಭವಾಗಲಿಲ್ಲ; ತಪ್ಪಿದರೆ ನನಗಾಗುವ ನಷ್ಟವೇನು? ಕೇಳುಗನಿಗೆ ತಿಳಿಯದಂತೆ ಹತ್ತು ಮಾತನ್ನು ತೆಗೆದುಹಾಕುವುದು ಇಂದು ಎರಡು ನಿಮಿಷದ ಕೆಲಸ. ಆದರೆ ಕುಳಿತು ಕೇಳಿದಾಗ ಒಂದು ಸಂಗತಿ ಗೋಚರಿಸಿತು. ಆ ಭಾಗವನ್ನು ತೆಗೆದರೆ ಉಳಿದ ಸಂದರ್ಶನ ಮೊದಲ ದಿನದ ಒಪ್ಪಿಸುವಿಕೆಯಂತೆಯೇ ಸಪ್ಪೆಯಾಗುತ್ತಿತ್ತು. ಆ ತಾಯಿಯನ್ನೇ ಕೇಳಿದೆವು. “ಆಗಿದ್ದು ಆಗಿದೆ. ಇರಲಿ ಬಿಡಿ” ಎಂದರು.

ಇನ್ನೊಂದು ಸೇರಿಕೆಯೂ ಇತ್ತು. ಹಣ ಪಡೆದೋ, ಸರಕನ್ನು ಬಿಟ್ಟಿಯಾಗಿ ಪಡೆದೋ ಹೊಗಳುವವರು ಆ ಸಂಗತಿಯನ್ನು ಪ್ರಕಟಿಸತಕ್ಕದ್ದೆಂದು 2023ರ ಜನವರಿಯಲ್ಲಿ ಕೇಂದ್ರ ಸರಕಾರ ಸೂಚನೆ ಹೊರಡಿಸಿದೆ. ಆದಕಾರಣ, ಕೇಳುತ್ತಿರುವ ಮೇಷ್ಟರಿಗೆ ಒಂದು ಡಬ್ಬಿ ಹುರಿಹಿಟ್ಟು ಸಂದಿದೆ ಎಂದು ನನ್ನ ದನಿಯಲ್ಲಿಯೇ ಸೇರಿಸಿದೆ. ಮನೆಯಾಕೆಗೆ ಇದು ಅವಮಾನವೆನಿಸಿತು. ಹುರಿಹಿಟ್ಟು ಮಾತ್ರ ಮುಗಿದುಹೋಯಿತು.

14 ನಿಮಿಷದ ಆ ಧ್ವನಿಮುದ್ರಣವನ್ನು ತಾಣದಲ್ಲಿರಿಸಿ, ಹಳೆಯ ಗಿರಾಕಿಗಳಿಗೆ ವಾಟ್ಸಾಪಿನಲ್ಲಿಯೂ ಕಳುಹಿಸಿದರು. ವ್ಯಾಪಾರ ದಿಢೀರನೆ ಏರಲಿಲ್ಲ. ಮೊದಲ ವಾರ ಬಂದದ್ದು ಏಳೆಂಟು ಹೊಸ ಬೇಡಿಕೆಗಳು. ಅವರಲ್ಲಿ ಮೂವರು, ಬಾಣಲೆಯ ಸದ್ದು ಕೇಳಿ ತವರು ನೆನಪಾಯಿತೆಂದು ಬರೆದಿದ್ದರು.

ಎರಡನೆಯ ವಾರ ತುಮಕೂರಿನಿಂದ ಒಬ್ಬ ವೃದ್ಧರು ಫೋನು ಮಾಡಿದರು. “ಎಲ್ಲರಿಗೂ ದುಡ್ಡು ವಾಪಸು ಕೊಟ್ಟೆ ಅಂತ ಹೇಳಿದ್ದೀರಲ್ಲ ತಾಯಿ, ನನಗೆ ಬರಲಿಲ್ಲ.” ಮಗ ಲೆಕ್ಕದ ಪುಸ್ತಕ ತೆಗೆದು ನೋಡಿದ. ನಿಜ; ಒಂದು ಸಾಲು ತಪ್ಪಿಹೋಗಿತ್ತು, ಹಣ ಸಂದದ್ದು 30 ಜನಕ್ಕೆ ಮಾತ್ರ. ಅಂದು ಸಂಜೆಯೇ ಹಣವನ್ನೂ, ಜೊತೆಗೆ ಒಂದು ಹೊಸ ಪೊಟ್ಟಣವನ್ನೂ ಕಳುಹಿಸಿದರು. “ಮೇಷ್ಟ್ರೆ, ನಾನು ಆಡಿದ ಮಾತು ಸುಳ್ಳಾಯಿತಲ್ಲ. ಇನ್ನೊಂದು ಸಲ ಬನ್ನಿ, ಇದನ್ನೂ ಹೇಳಿಬಿಡ್ತೀನಿ” ಎಂದಿದ್ದಾರೆ. ಬರುವ ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಕುಕ್ಕರು ಇಳಿದ ಮೇಲೆ ಹೋಗಬೇಕು.